ಬಾಲ ಹಿಡಿಯುವವನು

ಮಾರ್ಚ್ 4, 2024. ಸೋಮವಾರ

ಬೆಳಿಗ್ಗೆ ದೇವದುರ್ಗದಿಂದ ನಾಗವೇಣಿಯ ಫೋನು. ಅವಳ ಗಂಡ ಯಲ್ಲಾಲಿಂಗನ ಗಂಟಲಲ್ಲಿ ಗಡ್ಡೆ ಎದ್ದಿದೆಯಂತೆ. ಹೈದರಾಬಾದಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇಗ ತೆಗೆದರೆ ಜೀವ ಉಳಿದೀತು ಎಂದಿದ್ದಾರೆ. ಇವನು ಒಲ್ಲೆ ಎಂದು ಕೂತಿದ್ದಾನೆ. ಆರನೇ ಆಲ್ಬಮ್ ಮುಗಿಯುವವರೆಗೆ ಕತ್ತಿಗೆ ಯಾರೂ ಕೈ ಹಚ್ಚಬಾರದಂತೆ.

"ಅಣ್ಣಾ, ನಿಮ್ಮ ಮಾತಾದ್ರೂ ಕೇಳ್ಯಾನು, ಬರ್ರಿ" ಎಂದಳು. ನನ್ನ ಮಾತು! ಅವನು ನನ್ನ ಮಾತು ಕೇಳುವವನಾಗಿದ್ದರೆ ಅವನು ದೇವದುರ್ಗದಲ್ಲಿ, ನಾನು ಮಾನ್ವಿಯಲ್ಲಿ ಇಪ್ಪತ್ತು ವರ್ಷ ಮುಖ ಗಂಟು ಹಾಕಿಕೊಂಡು ಕೂತಿರುತ್ತಿರಲಿಲ್ಲ.

ಹೆಂಡತಿ ಬೂದೆಮ್ಮನ ಮುಂದೆ ಅವನ ಹೆಸರೆತ್ತಿದರೆ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತದೆ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರೂ ಓದುವುದು ಬೇಡ.

ಯಲ್ಲಾಲಿಂಗ ಗಿಟಾರು ಕಲಿತದ್ದು ರಾಯಚೂರಿನ ಚರ್ಚೊಂದರಲ್ಲಿ. ಅವನಪ್ಪ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ. ನಾನು ಅರಕೇರಾದ ಕುರಿ ಕಾಯುವವರ ಹುಡುಗ, ಡೊಳ್ಳು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಇಬ್ಬರೂ ಸೇರಿ ಎರೆಮಣ್ಣು ಬ್ಯಾಂಡು ಕಟ್ಟಿದೆವು. ಗಿಟಾರಿಗೆ ಡೊಳ್ಳು ಕೂಡಿಸಿದ್ದಕ್ಕೆ ಮೊದಲು ನಕ್ಕ ಊರುಗಳೇ ಆಮೇಲೆ ನಮ್ಮನ್ನು ಕರೆಕರೆದು ಹಾಡಿಸಿದವು. ಹಾಡು ಬರೆಯುವವನು ಅವನು, ಮುಂದೆ ನಿಂತು ಹಾಡುವವನೂ ಅವನು. ಅರಕೇರಾದ ನಮ್ಮ ಭಜನೆಯವರಲ್ಲಿ ಒಂದು ಪದ್ಧತಿ ಇತ್ತು. ಮುಂದಿನವನು ಸಾಲಿನ ಕೊನೆಯ ಮಾತನ್ನು ಹಾಡದೆ ಬಿಡುತ್ತಾನೆ. ಹಿಂದಿನವನು ಅದನ್ನು ಎತ್ತಿ ಸಾಲು ಮುಗಿಸುತ್ತಾನೆ. ಅಷ್ಟರಲ್ಲಿ ಮುಂದಿನವನು ಉಸಿರು ಎಳೆದುಕೊಳ್ಳುತ್ತಾನೆ. ಇದಕ್ಕೆ ಬಾಲ ಹಿಡಿಯುವುದು ಎನ್ನುತ್ತಿದ್ದೆವು. ಅದನ್ನು ಬ್ಯಾಂಡಿಗೆ ತಂದವನು ನಾನು. "ಹತ್ತಿ ಬಿಡಿಸಿದ ಕೈಗೆ ಹತ್ತಿ ಅಂಗಿ" ಎಂದು ಅವನು ಬಿಟ್ಟರೆ, "ಇಲ್ಲ" ಎಂದು ನಾನು. ಜನ ಆ "ಇಲ್ಲ"ಕ್ಕೆ ಬಾಯಿ ತೆರೆದುಕೊಂಡು ಕಾಯುತ್ತಿದ್ದರು.

ಆಮೇಲೆ ಅವನು ಒಬ್ಬನೇ ಹೊರಟ. ಅವನ ಮೊದಲ ಸೋಲೋ ಕ್ಯಾಸೆಟ್ಟು ‘ಗುಳೆ ಬಸ್ಸು’ ಬಂದಾಗ ನಾನಿನ್ನೂ ಕಂಡಕ್ಟರ್ ಕೆಲಸದಲ್ಲಿದ್ದೆ, ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನಿಂತೇ ಕೇಳಿದೆ. ಮುಂದಿನ ದನಿ ಅವನದು. ಬಾಲದ ದನಿಯೂ ಅವನದೇ, ಎರಡನೇ ಸಲ ಹಾಡಿ ಮೇಲೆ ಕೂಡಿಸಿದ್ದ. ಅದೂ ನನ್ನ ಹಾಗೆ ತೆಳ್ಳಗೆ ಮಾಡಿಕೊಂಡು. ಐದು ಆಲ್ಬಮ್ಮಿನಲ್ಲೂ ಹೀಗೇ. ಹೆಸರು ಹೋದದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ನನ್ನ ಜಾಗದಲ್ಲಿ ಅವನೇ ನಿಂತು ನನ್ನ ದನಿ ಮಾಡಿದನಲ್ಲ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಮಾರ್ಚ್ 9. ಶನಿವಾರ

ದೇವದುರ್ಗಕ್ಕೆ ಹೋಗಿ ಬಂದೆ. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋಗಿದ್ದೆ. ಬಾಗಿಲಲ್ಲಿ ಅವನ ಕತ್ತು ನೋಡಿದ ಮೇಲೆ ಎಲ್ಲ ಮರೆತುಹೋಯಿತು.

"ಲೇ ದುರ್ಗ್ಯಾ, ಬಂದಿ? ಸಾಯಾಕತ್ತಾನ ಅಂತ ಹೇಳಿದ್ಲೇನು?"

ದನಿ ಹಳೇ ಹಿಟ್ಟಿನ ಗಿರಣಿಯ ಹಾಗಾಗಿದೆ. ಮಾತಿಗೆ ಮೊದಲು ಹ್ಞಾಂ ಎಂದು ಗಂಟಲು ಸರಿಮಾಡಿಕೊಳ್ಳುವ ಚಟ ಹಾಗೇ ಇದೆ.

"ಆಪರೇಶನ್ ಮಾಡಿಸ್ಕೋ ಮೊದ್ಲು. ಹಾಡು ಎಲ್ಲಿಗೂ ಓಡಿ ಹೋಗಂಗಿಲ್ಲ."

"ಆಮ್ಯಾಲ ಯಾರ ಹಾಡ್ತಾರ? ನಿಮ್ಮಪ್ಪ?"

"ಯಾರರೇ ಹಾಡ್ತಾರ. ಹಾಡು ಮಂದೀದು."

"ಮಂದಿ ಕೇಳಲಿ. ನಾ ಬರದದ್ದು ನಾನೇ ಹಾಡಬೇಕು. ಎಂಟು ಹಾಡು ಅದಾವ. ಆವು ಮುಗದ ದಿನ ಕತ್ತು ಕೊಯ್ಯಲಿ, ಬ್ಯಾಡ ಅನ್ನಂಗಿಲ್ಲ." ಆಮೇಲೆ ನನ್ನ ಕಡೆ ನೋಡದೆ ಹೇಳಿದ, "ನೀ ಬಂದು ಡೊಳ್ಳು ಬಾರಸು. ಹಳೇ ಕೈ ಬೇಕಾಗ್ಯದ."

ಕೈ ಬೇಕು. ಬಾಯಿ ಬೇಡ. ಆಗಲೇ ಎದ್ದು ಬರಬೇಕಿತ್ತು. ನಾಗವೇಣಿ ಚಹಾ ತಂದಳು. ಸಕ್ಕರೆ ಹಾಕಿದ್ದಾಳೆಂದು ಅವಳ ಮೇಲೆ ರೇಗಿದ. ಸಕ್ಕರೆ ಗಂಟಲಿಗೆ ಜಿಡ್ಡು ಹಿಡಿಸುತ್ತದಂತೆ. ಗಡ್ಡೆ ಇಟ್ಟುಕೊಂಡು ಸಕ್ಕರೆಗೆ ಹೆದರುವ ಮನುಷ್ಯ! ನಗು ಬಂತು. ಬರುತ್ತೇನೆ ಎಂದುಬಿಟ್ಟೆ.

ಮಾರ್ಚ್ 17. ಭಾನುವಾರ

ರಾಯಚೂರು. ತೀನ್ ಕಂದೀಲ್ ಹತ್ತಿರ ಸತ್ತಾರ್ ಸಾಬರ ಸ್ಟುಡಿಯೋ. ಹಿಂದೆ ಕೆಳಗಿನ ಅಂಗಡಿಯಲ್ಲಿ ಕ್ಯಾಸೆಟ್ಟು ಮಾರುತ್ತಿದ್ದವರು ಮೇಲಿನ ಕೋಣೆಗೆ ಗೋಣಿತಟ್ಟು ಹೊಡೆದು ರೆಕಾರ್ಡಿಂಗ್ ಶುರುಮಾಡಿದರು. ಯಲ್ಲಾಲಿಂಗನ ಐದೂ ಆಲ್ಬಮ್ ಅಲ್ಲೇ ಆದದ್ದು.

"ಆವೋ ದುರುಗಪ್ಪಣ್ಣಾ, ಬರ್ರಿ, ಎಷ್ಟ ವರ್ಷ ಆಯ್ತರಿ!" ಎಂದು ತಬ್ಬಿಕೊಂಡರು. ಸಪ್ಪಳ ಬರುತ್ತದೆಂದು ಫ್ಯಾನು ಬಂದ್. ಮೈಯೆಲ್ಲ ನೀರು.

ಅವನು ಗಿಟಾರು ಹಿಡಿದು ಕೂತ. ದನಿ ಕೆಟ್ಟಿದೆ, ಆದರೆ ಹಾಡು ಕೆಟ್ಟಿಲ್ಲ. ಒಪ್ಪಿಕೊಳ್ಳಬೇಕು. ಸಾಲಿನ ಕೊನೆಯ ಮಾತನ್ನು ರೂಢಿಯಂತೆ ಬಿಟ್ಟು ಉಸಿರು ಎಳೆದುಕೊಂಡ. ಆ ಜಾಗದಲ್ಲಿ ನನ್ನ ಬಾಯಿ ತಾನಾಗಿಯೇ ತೆರೆಯಿತು. ಮುಚ್ಚಿಕೊಂಡೆ. ಡೊಳ್ಳು ಬಾರಿಸಿದೆ.

ಮೊದಲ ಸಲದ್ದು ಮುಗಿದ ಮೇಲೆ ಬಾಲಗಳನ್ನು ತುಂಬಲು ಎರಡನೇ ಸಲಕ್ಕೆ ಕೂತ. ಒಂದೇ ಸಾಲಿಗೆ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ. ಒರೆಸಿಕೊಂಡ ಟವೆಲನ್ನು ಮಡಚಿ ಜೇಬಿಗೆ ತುರುಕಿಕೊಂಡ. ಕೆಂಪಾಗಿದ್ದದ್ದು ನನಗೆ ಕಂಡಿತು.

ಮಾರ್ಚ್ 24. ಭಾನುವಾರ

ಇವತ್ತು ಅವನು ಮಲಗಲು ಕೆಳಗೆ ಹೋದಾಗ ಸತ್ತಾರ್ ಸಾಬ್ ನನ್ನ ಕೈ ಹಿಡಿದುಕೊಂಡರು. "ಅಣ್ಣಾ, ಬಾಲ ಎಲ್ಲಾ ಕೆಮ್ಮಿನಾಗ ಹೋಗ್ಯಾವ, ಚೊಲೋ ಬಂದಾವ ಅಂತ ಅವರಿಗೆ ಸುಳ್ಳ ಹೇಳೀನಿ. ಅವರ ಕೈಲೆ ಆಗಂಗಿಲ್ಲ. ನೀವ ಹಿಡೀರಿ."

ಇಪ್ಪತ್ತು ವರ್ಷದ ಮೇಲೆ ನನ್ನ ಜಾಗ ನನಗೆ. ಹೆಡ್‌ಫೋನು ಕಿವಿಗೆ ಹಾಕಿಕೊಂಡು ನಿಂತು ಮೊದಲ ಹಾಡಿನ ಬಾಲಗಳನ್ನೆಲ್ಲ ಹಿಡಿದೆ. ಚೆನ್ನಾಗಿಯೇ ಹಿಡಿದೆ. ಸತ್ತಾರ್ ಸಾಬ್ ತಲೆ ಕೆರೆದುಕೊಂಡರು.

"ನಿಮ್ಮ ದನಿ ನಿಮ್ಮದಂಗ ಕೇಳಾಕತ್ತದರಿ. ಇದು ಸೋಲೋ ಅದ. ಯಲ್ಲಾಲಿಂಗ ಸಾಬ್ ಒಂದ ಮಾತಿಗೇ ಗುರ್ತು ಹಿಡೀತಾರ, ತೆಗಸಿ ಒಗೀತಾರ, ಮತ್ತ ತಾವ ಹಾಡಾಕ ಕುಂದರ್ತಾರ. ಅವರಂಗ ಹಾಡ್ರಿ."

ಸಿಟ್ಟು ನೆತ್ತಿಗೇರಿತು. ಆದರೆ ಮತ್ತೆ ಅವನು ಕೂತು ಕೆಮ್ಮುವುದನ್ನು ನೋಡಲಾರೆ. ಅವನ ಉಸಿರು ಎಲ್ಲಿ ಮುಗಿಯುತ್ತದೆ, ಯಾವ ಅಕ್ಷರದಲ್ಲಿ ಮೂಗಿಗೆ ಹೋಗುತ್ತದೆ, ಎಲ್ಲ ನನಗೆ ಗೊತ್ತು. ಅವನ ಹಿಂದೆಯೇ ನಿಂತು ಬೆಳೆದವನಲ್ಲವೇ? ಹಾಡಿದೆ. ಸತ್ತಾರ್ ಸಾಬ್ ಕನ್ನಡಕ ತೆಗೆದಿಟ್ಟು "ಯಾ ಅಲ್ಲಾ" ಎಂದರು.

ನಾಚಿಕೆಯಾಯಿತು. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಏಪ್ರಿಲ್ 2. ಮಂಗಳವಾರ

ನಾಲ್ಕನೇ ಹಾಡು. ಇವತ್ತು ಬಾಲದ ಜೊತೆ ಅರ್ಧ ಸಾಲು. ಅವನ ದನಿ ನಡುವೆಯೇ ಕಿತ್ತುಹೋಗಿತ್ತು. ಕೂಡಿಸಿದ ಜಾಗ ನನಗೇ ಸಿಗಲಿಲ್ಲ.

ಏಪ್ರಿಲ್ 9. ಯುಗಾದಿ

ಬೆಳಿಗ್ಗೆ ಬೂದೆಮ್ಮ ಬೇವು ಕುಟ್ಟುತ್ತ ಹಾಡುತ್ತಿದ್ದಳು. ಅವಳು ಬಿಟ್ಟಲ್ಲಿ ನಾನು ಎತ್ತಿಕೊಂಡೆ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಹೀಗೇ, ಜಗಳ ಆಡಿದ ದಿನವೂ.

ಹಬ್ಬದ ದಿನವೇ ನಾಗವೇಣಿ ಬಂದಳು. ಬೂದೆಮ್ಮ ಕೊಟ್ಟ ಹೋಳಿಗೆ ಮುಟ್ಟಲಿಲ್ಲ.

"ಇನ್ನೊಂದ ತಿಂಗಳ ತಡದ್ರ ಹಿಡಿಯಾಕ ಆಗಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಇನ್ನಾ ಮೂರು ಹಾಡು ಅದಾವ, ದಿನಾ ಒಂದೊಂದ ಸಾಲು ಹಾಡಾಕತ್ತಾರ. ಹಿಂಗಾದ್ರ ಮಳಿಗಾಲ ಬಂದರೂ ಮುಗಿಯಂಗಿಲ್ಲ. ಅಣ್ಣಾ, ಸತ್ತಾರ್ ಸಾಬ್ ಎಲ್ಲಾ ಹೇಳ್ಯಾರ ನನಗ. ನೀವು ಅವರ ದನೀಲೆ ಹಾಡ್ತೀರಂತ." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅವರು ಹೆಂಗರೇ ಹಾಡಲಿ, ಚೊಲೋ ಬಂತು, ಮುಗೀತು ಅಂದ್ಬಿಡ್ರಿ. ದವಾಖಾನಿಗೆ ಕರಕೊಂಡ ಹೋಗ್ತೀನಿ. ಆಮ್ಯಾಲ ಆ ಮೂರೂ ನೀವ ಹಾಡ್ರಿ. ಅವರಿಗೆ ಗೊತ್ತಾಗೋದ ಬ್ಯಾಡ. ನನಗ ಅವರ ಜೀವ ಬೇಕು ಅಣ್ಣಾ."

ಆಯಿತು ಎಂದೆ. ಅವಳು ಹೋದ ಮೇಲೆ ಬೂದೆಮ್ಮ ನನ್ನ ಎದುರು ಬಂದು ನಿಂತಳು.

"ಅವನ ಹೆಸರಿಗೆ ಹಾಡಾಕ ಹೊಂಟೀದಿ. ನಿನ್ನ ಹೆಸರಿಗೆ ಒಂದರೆ ಹಾಡು ಹಾಡೀಯೇನ ನೀ?"

"ಜೀವದ ಪ್ರಶ್ನಿ ಅದ ಬೇ."

"ಹೌದು. ನಾ ಬ್ಯಾಡ ಅಂದಿಲ್ಲ" ಎಂದಳು. ಹೋಳಿಗೆ ಮುಚ್ಚಿಟ್ಟಳು.

ಏಪ್ರಿಲ್ 16. ಮಂಗಳವಾರ

ಅವನು ಕೊನೆಯ ಸಲ ಹಾಡಿದ. ಅದನ್ನು ಹಾಡು ಅನ್ನಲಿಕ್ಕೆ ಬರುವುದಿಲ್ಲ. ಗಾಳಿ ಮಾತ್ರ ಬರುತ್ತಿತ್ತು, ಒಂದೊಂದು ಅಕ್ಷರ ಸಿಕ್ಕಿಕೊಂಡು ಬರುತ್ತಿತ್ತು. ಮೂರೂ ಹಾಡು ಒಂದೇ ದಿನ. ನಾನು ಕಣ್ಣು ಮುಚ್ಚಿಕೊಂಡು ಡೊಳ್ಳು ಬಾರಿಸಿದೆ. ಸತ್ತಾರ್ ಸಾಬ್ ಗಾಜಿನ ಆಚೆಯಿಂದ ಹೆಬ್ಬೆರಳು ತೋರಿಸಿದರು.

"ಆಯ್ತೇನು?" ಅಂದ.

"ಮಸ್ತ್ ಆಯ್ತು ಸಾಬ್. ಖತಂ."

"ಕೇಳಸು."

"ಕಂಪ್ಯೂಟರ್ ಬಿಸಿ ಆಗ್ಯದರಿ. ನೀವು ದವಾಖಾನಿಂದ ಬರೋದ್ರಾಗ ಪೂರಾ ಮಾಡಿ ಇಟ್ಟಿರ್ತೀನಿ."

ಅವನು ನನ್ನ ಕಡೆ ತಿರುಗಿದ. ನಾನು ಡೊಳ್ಳಿನ ಹಗ್ಗ ಬಿಗಿಯುತ್ತ ಕೂತೆ. ಎಷ್ಟು ಹೊತ್ತು ಬಿಗಿಯುವುದು? ತಲೆ ಎತ್ತಿದಾಗಲೂ ನೋಡುತ್ತಲೇ ಇದ್ದ. "ಡೊಳ್ಳು ಚೊಲೋ ಬಾರಿಸೀದಿ" ಎಂದ. ಅವನ ದನಿಯಲ್ಲಿ ನಾನು ಕೇಳಿದ ಕಡೆಯ ಮಾತು ಇದೇ ಇರಬೇಕು.

ಏಪ್ರಿಲ್ 22. ಸೋಮವಾರ

ಆಪರೇಶನ್ ಆಯಿತು. ಜೀವ ಇದೆ. ಕತ್ತಿನಲ್ಲಿ ತೂತು, ಉಸಿರು ಅಲ್ಲಿಂದಲೇ. ನಾಗವೇಣಿ ಅತ್ತಳು. ನಾನೂ ಅತ್ತೆ. ಬೂದೆಮ್ಮ ನೀರು ತಂದು ಕೊಟ್ಟಳು.

ಮೇ 5. ಭಾನುವಾರ

ಆರನೇ ಹಾಡು ಶುರು. ಅವನು ಗಾಳಿಯಲ್ಲಿ ಹಾಡಿದ್ದನ್ನು ಕಿವಿಯಲ್ಲಿ ಹಾಕಿಕೊಂಡು ಅದರ ಮೇಲೆ ನಾನು ಹಾಡುವುದು. ಬಾಲ ಹಿಡಿದಷ್ಟು ಸುಲಭವಿಲ್ಲ. ಸಾಲನ್ನು ಮೊದಲಿನಿಂದ ಹೊರಬೇಕು, ಕೊನೆಯ ಮಾತಿಗೆ ಬಿಟ್ಟು ಉಸಿರು ಎಳೆಯಬೇಕು. ಎಳೆಯುವುದನ್ನು ನಾನು ಮರೆಯುತ್ತೇನೆ. ಬಿಡುವ ಬದಲು ಹಿಡಿಯುತ್ತೇನೆ. ಸತ್ತಾರ್ ಸಾಬ್ ಮತ್ತೆ ಮತ್ತೆ ನಿಲ್ಲಿಸಿದರು. "ನೀವೀಗ ಮುಂದಿನವರು ಅಣ್ಣಾ, ಬಿಡ್ರಿ ಬಾಲ" ಎಂದರು.

ಮೇ 12. ಭಾನುವಾರ

ಈಗ ಬರುತ್ತದೆ. ವಾರವೆಲ್ಲ ಬಚ್ಚಲಲ್ಲಿ, ಗದ್ದೆಯ ದಾರಿಯಲ್ಲಿ ಅಭ್ಯಾಸ ಮಾಡಿದೆ. ಎದೆ ಎತ್ತಿ ನಿಂತರೆ ದನಿ ತಾನಾಗಿ ಆ ಕಡೆ ಹೊರಳುತ್ತದೆ.

ಸತ್ತಾರ್ ಸಾಬ್ ತರಿಸಿದ ಚಹಾದ ತುಂಬ ಸಕ್ಕರೆ. ಹಾಡುವವನಿಗೆ ಸಕ್ಕರೆ ಆಗದೆಂದು ಎಷ್ಟು ಸಲ ಹೇಳಬೇಕು ಇವರಿಗೆ?

ಮೇ 20. ಸೋಮವಾರ

ನಾಗವೇಣಿಗೆ ಫೋನು ಮಾಡಿದೆ. ಹ್ಞಾಂ, ಹೆಂಗದಾನ ಎಂದೆ. ಅವಳು ಜೋರಾಗಿ ಅತ್ತಳು. "ಒಂದ ಗಳಿಗಿ ಅವರ ಮಾತಾಡಿದಂಗ ಆಯ್ತು ಅಣ್ಣಾ." ಲೈನು ಸರಿ ಇರಲಿಲ್ಲ ಎಂದು ಕಾಣುತ್ತದೆ.

ಮೇ 26. ಭಾನುವಾರ

ಏಳನೇ ಹಾಡು ಮುಗಿಯಿತು. ಇಂಥ ಹಾಡು ಎರೆಮಣ್ಣಿನ ಕಾಲದಲ್ಲೂ ನಾನು ಹಾಡಿರಲಿಲ್ಲ. ಎರಡನೇ ನುಡಿಯಲ್ಲಿ ಒಂದು ಮಾತು ತೊಡಕಾಗಿತ್ತು, ಬದಲಿಸಿದೆ. ಸತ್ತಾರ್ ಸಾಬ್ ಅನುಮಾನ ಮಾಡಿದರು. ನನ್ನ ಹಾಡಿನಲ್ಲಿ ಯಾವ ಮಾತು ಎಲ್ಲಿ ಇರಬೇಕೆಂದು ನನಗೆ ಬಿಡಿ ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ, ಕೆಳಗಿನ ಅಂಗಡಿಯವರು ಇಣುಕಿದರು.

ವಾಪಸು ಬರುವಾಗ ಕಲ್ಲೂರಿನ ಹತ್ತಿರ ಬಸ್ಸಿನಲ್ಲಿ ಯಾರೋ ಫೋನಿನಲ್ಲಿ ‘ಗುಳೆ ಬಸ್ಸು’ ಹಚ್ಚಿದ್ದರು. ಸುಮ್ಮನೆ ಕೇಳುತ್ತ ಬಂದೆ. ಹೊಟ್ಟೆ ಉರಿಯಲಿಲ್ಲ. ಬಾಲದ ದನಿ ಮಾತ್ರ ಹಾಡಿಗೆ ಅಡ್ಡ ಬಂದಂತೆ ಅನಿಸಿತು.

ಜೂನ್ 4. ಮಂಗಳವಾರ

ಎಂಟೂ ಮುಗಿದವು. ಬೂದೆಮ್ಮ ಈಚೆಗೆ ಬೆಳಿಗ್ಗೆ ಹಾಡುವುದಿಲ್ಲ. ವಯಸ್ಸಾಯಿತು ಪಾಪ.

ಜೂನ್ 16. ಭಾನುವಾರ

ಆಲ್ಬಮ್ ತೆಗೆದುಕೊಂಡು ನಾನು, ಸತ್ತಾರ್ ಸಾಬ್ ದೇವದುರ್ಗಕ್ಕೆ ಹೋದೆವು. ಯಲ್ಲಾಲಿಂಗ ಅರ್ಧ ಆಗಿದ್ದಾನೆ. ಕತ್ತಿಗೆ ಬಿಳಿ ಬಟ್ಟೆ. ಏನು ಹೇಳಬೇಕಾದರೂ ಫೋನಿನಲ್ಲಿ ಬರೆದು ತೋರಿಸುತ್ತಾನೆ. ನನ್ನನ್ನು ಕಂಡು "ಬಾಲ ಬಂತು" ಎಂದು ಬರೆದು ನಕ್ಕ. ನಗುವಾಗಲೂ ಸಪ್ಪಳ ಇಲ್ಲ.

ಎಂಟೂ ಹಾಡು ಕೇಳಿದ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗುರುತು ಹಿಡಿದರೆ? ಹಿಡಿಯಲಿಲ್ಲ. ಏಳನೆಯದನ್ನು ಇನ್ನೊಮ್ಮೆ ಹಚ್ಚು ಎಂದು ಕೈ ಮಾಡಿದ. ಎರಡನೇ ನುಡಿ ಬಂದಾಗ ಕಣ್ಣು ಬಿಟ್ಟು ಸೂರು ನೋಡಿದ, ಮತ್ತೆ ಮುಚ್ಚಿದ. ಮುಗಿದ ಮೇಲೆ ಫೋನು ಎತ್ತಿಕೊಂಡ, ಏನೋ ಬರೆಯಲು ಹೋದ, ಅಳಿಸಿದ. ಕಡೆಗೆ ಒಂದೇ ಮಾತು ತೋರಿಸಿದ: "ಚೊಲೋ ಹಾಡೀನಿ."

"ಹೌದಪಾ, ಚೊಲೋ ಹಾಡೀದಿ" ಎಂದೆ. ಸಮಾಧಾನವಾಗಬೇಕಿತ್ತು. ಏನೋ ಕಸಿದುಕೊಂಡಂತಾಯಿತು. ಹಾಡಿದವನು ನಾನು, ಮೆಚ್ಚಿಕೊಂಡದ್ದು ತನ್ನನ್ನು!

ಕವರಿನ ಮೇಲೆ ಹೀಗಿದೆ. ಹಾಡು, ಗಿಟಾರು, ಎಲ್ಲ ದನಿ: ಯಲ್ಲಾಲಿಂಗ. ಡೊಳ್ಳು: ದುರುಗಪ್ಪ.

ಜುಲೈ 20. ಶನಿವಾರ

ನಾಗವೇಣಿ ಫೋನು ಮಾಡಿದ್ದಳು. ರೋಗ ಶ್ವಾಸಕೋಶಕ್ಕೆ ಹೋಗಿದೆ. "ತಡ ಮಾಡಿದ್ರಿ ಅಂದ್ರು ಅಣ್ಣಾ. ಎರಡ ತಿಂಗಳ ಮೊದ್ಲು ಬಂದಿದ್ರ ಅಂದ್ರು." ಅಳಲಿಲ್ಲ ಈ ಸಲ.

ಇದಕ್ಕೇನು ನಾವು ಅಷ್ಟೆಲ್ಲ ಮಾಡಿದ್ದು.

ಜುಲೈ 28. ಭಾನುವಾರ

ಬಿಡುಗಡೆಯನ್ನು ಬೇಗ ಇಟ್ಟುಕೊಳ್ಳಬೇಕೆಂದು ಸತ್ತಾರ್ ಸಾಬ್. ಅವನು ಇರುವಾಗಲೇ ಆಗಲಿ ಎಂದರು. ರೆಕಾರ್ಡು ಹಚ್ಚುತ್ತಾರಂತೆ, ಏಳನೇ ಹಾಡಿನ ಬಾಲಗಳನ್ನು ತೆಗೆದುಹಾಕುತ್ತಾರಂತೆ. ಅವನ್ನು ನಾನು ವೇದಿಕೆಯ ಮೇಲೆ ನಿಂತು ನನ್ನ ದನಿಯಲ್ಲಿ ಹಾಡಬೇಕು, ಎರೆಮಣ್ಣಿನ ಕಾಲದಂತೆ. "ಜನಕ್ಕ ನಿಮ್ಮ ಜೋಡಿ ನೋಡೋದ ಅದರಿ ಕಡೀ ಸಲ" ಎಂದರು. ಅದರಲ್ಲೇನಿದೆ, ಹುಟ್ಟಾ ಮಾಡಿಕೊಂಡು ಬಂದ ಕೆಲಸ. ಅಭ್ಯಾಸ ಬೇಕೇ ಎಂದು ಕೇಳಿದರು. ನಕ್ಕೆ.

ಆಗಸ್ಟ್ 18. ಭಾನುವಾರ

ದೇವದುರ್ಗದ ಅಂಬೇಡ್ಕರ್ ಭವನ ತುಂಬಿತ್ತು. ಹೊರಗೂ ಜನ. ಯಲ್ಲಾಲಿಂಗನನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ನಾಗವೇಣಿ, ಬೂದೆಮ್ಮ. ಯಾರೋ ಹಾರ ಹಾಕಲು ಬಂದರು, ಕತ್ತಿನ ತೂತು ಮುಚ್ಚೀತೆಂದು ನಾಗವೇಣಿ ಅದನ್ನು ಕೈಯಲ್ಲೇ ಇಸಿದುಕೊಂಡಳು.

ಹಾಡು ಶುರುವಾಯಿತು. ನಾನು ಮೈಕಿನ ಮುಂದೆ ನಿಂತಿದ್ದೆ. ಸ್ಪೀಕರಿನಿಂದ ದನಿ ಬಂದಾಗ ಜನ ಎದ್ದು ನಿಂತು ಯಲ್ಲಾಲಿಂಗನ ಕಡೆ ತಿರುಗಿ ಕೈಮುಗಿದರು. ಹೆಂಗಸರು ಅಳುತ್ತಿದ್ದರು.

"ನೆಲ ಸುಟ್ಟರ ನೆರಳಿಗೆ ಬಂದೇವು, ನೆರಳೂ ಸುಟ್ಟರ..."

ಅಲ್ಲಿ ಬಾಲ. "ಎಲ್ಲಿಗೆ" ಎನ್ನಬೇಕು, ಎಲ್ಲ ಸಾಲಿಗೂ ಅಷ್ಟೇ. ನಾನು ಉಸಿರು ಎಳೆದುಕೊಂಡೆ. ಮಾತಿನ ಜಾಗ ದಾಟಿಹೋಯಿತು. ಎರಡನೇ ಸಾಲು ಬಂತು, ತುಟಿಯೊಳಗೇ ಸಾಲಿನ ಜೊತೆ ಹೋಗುತ್ತಿದ್ದೇನೆ ಎಂದು ಗೊತ್ತಾಯಿತು. ಈ ಸಲ ತಪ್ಪಬಾರದೆಂದು ಮುಷ್ಟಿ ಬಿಗಿದೆ. ಬಾಲ ಬಂದಾಗ ಮತ್ತೆ ಉಸಿರು ಒಳಗೆ ಹೋಯಿತು. ಎದೆ ಎತ್ತಿಕೊಂಡು, ಮುಂದಿನ ಸಾಲಿಗೆ ತಯಾರಾಗಿ ನಿಂತಿದ್ದೆ. ಮೂರನೆಯದಕ್ಕೆ ನನ್ನ ಹಳೆಯ ದನಿ ಹೇಗಿತ್ತೆಂದು ನೆನೆಸಿಕೊಳ್ಳಲು ನೋಡಿದೆ. ತೆಳ್ಳಗಿತ್ತು ಎಂದು ಗೊತ್ತು. ಹೇಗೆ ತೆಳ್ಳಗೆ? ಗಂಟಲು ಎಲ್ಲಿ ಹಿಡಿಯುತ್ತಿದ್ದೆ? ಏನೂ ಸಿಗಲಿಲ್ಲ.

"ದುಃಖ ಆಗ್ಯದಪಾ ಅವಗ, ಗಂಟಲ ಕಟ್ಯಾದ" ಎಂದು ಯಾರೋ ಹೇಳಿದ್ದು ಕೇಳಿಸಿತು. ಜನ ಚಪ್ಪಾಳೆ ಹೊಡೆದರು. ಬೂದೆಮ್ಮ ಹೊಡೆಯಲಿಲ್ಲ. ತಲೆ ತಗ್ಗಿಸಿ ಕೂತಿದ್ದಳು.

ಆಗ ಯಲ್ಲಾಲಿಂಗನನ್ನು ನೋಡಿದೆ. ಎಲ್ಲರೂ ಸ್ಪೀಕರು ನೋಡುತ್ತಿದ್ದರು, ಇಲ್ಲವೇ ಅವನನ್ನು. ಅವನು ನೋಡುತ್ತಿದ್ದುದು ನನ್ನನ್ನು, ನನ್ನ ಎದೆಯನ್ನು, ನಾನು ಉಸಿರು ಎಳೆಯುವುದನ್ನು. ಸಾಲು ಬಂದು ನಿಂತಿತು. ನಾನು ಎಳೆದುಕೊಂಡೆ. ಅವನ ತುಟಿ ಅಲುಗಿತು. ಎಲ್ಲಿಗೆ. ಕತ್ತಿನ ಬಟ್ಟೆ ಒಮ್ಮೆ ಎದ್ದು ಕೂತಿತು.

ಮುಂದಿನ ಸಾಲಿಗೂ ಹಿಡಿದ. ಅದರ ಮುಂದಿನದಕ್ಕೂ. ಎರಡನೇ ನುಡಿಯಲ್ಲಿ ನಾನು ಬದಲಿಸಿದ ಮಾತಿನ ಹಿಂದೆಯೂ ತಡವರಿಸದೆ ಬಂದ. ಹಾಡು ಮುಗಿಯುವವರೆಗೆ ಅವನು ಒಂದು ಬಾಲವನ್ನೂ ಬಿಡಲಿಲ್ಲ, ಎಲ್ಲವನ್ನೂ ಜಾಗಕ್ಕೆ ಸರಿಯಾಗಿ ಹಿಡಿದ. ಭವನದಲ್ಲಿ ಯಾರಿಗೂ ಏನೂ ಕೇಳಲಿಲ್ಲ.